ಕೆರೆಯಲ್ಲಿ ಗಾಳ ಹಾಕಲು ಯಾರ ಅಪ್ಪಣೆ?

ಯಲಹಂಕ ಸುತ್ತಿನ ಹಳ್ಳಿಗಳಲ್ಲಿ ಐವತ್ತು ದಾಟಿದ ಯಾರನ್ನಾದರೂ ಮಾತಿಗೆಳೆಯಿರಿ. ಕುಚ್ಚು ಮೀನು ಗಾಳಕ್ಕೆ ಬಿದ್ದ ದಿನವನ್ನು ಮಳೆಯ ಹೆಸರು ಸಮೇತ ಹೇಳುತ್ತಾರೆ. 'ಅವತ್ತು ಹಸ್ತಾ ಮಳೆ ಬಿಟ್ಟಿತ್ತು, ತೂಬಿನ ಪಕ್ಕ ಕೂತಿದ್ದೆ ಕಣಯ್ಯ...' ಅಂತ ಶುರುವಾದರೆ, ಮುಗಿಯುವಷ್ಟರಲ್ಲಿ ಮೀನು ಇನ್ನೊಂದು ಗೇಣು ಬೆಳೆದಿರುತ್ತದೆ. ಇರಲಿ, ಮೀನಿನ ಕತೆಗೆ ಅಷ್ಟು ರಿಯಾಯ್ತಿ ಕೊಡೋಣ. ಅದೇ ಮನೆಯ ಹದಿನೈದು ವರ್ಷದ ಹುಡುಗನನ್ನು ಕೇಳಿ ನೋಡಿ. ಕಾಟ್ಲ, ರೋಹು ಹೆಸರು ಗೊತ್ತು. ಕಂಡಿದ್ದು ಅಂಗಡಿಯ ಐಸಿನ ಮೇಲೆ. ಮನೆಯಿಂದ ಕೂಗಳತೆಯಲ್ಲಿರುವ ಕೆರೆಯಲ್ಲಿ ಯಾವ ಮೀನಿದೆ ಅಂತ ಅವನಿಗೆ ಗೊತ್ತಿಲ್ಲ.

ಗೊತ್ತಾಗುವುದಾದರೂ ಹೇಗೆ? ಕೆರೆಗೆ ಬೇಲಿ ಬಂದಿದೆ, ಗೇಟು ಬಂದಿದೆ. ಹೊತ್ತು ನೋಡಿ ತೆಗೆದು ಹಾಕುವ ಬೀಗ ಬಂದಿದೆ. ಸುತ್ತ ನಡೆಯಲು ದಾರಿ, ಕೂರಲು ಕಲ್ಲುಬೆಂಚು. ಜೊತೆಗೆ ಒಂದು ಫಲಕ: ಈಜುವುದು, ಬಟ್ಟೆ ಒಗೆಯುವುದು, ಮೀನು ಹಿಡಿಯುವುದು ನಿಷೇಧಿಸಿದೆ. ಗಾಳ ಹಿಡಿದು ಹೋದ ಹುಡುಗರನ್ನು ಕಾವಲಿನವರು ಕಳ್ಳರನ್ನು ಅಟ್ಟಿದ ಹಾಗೆ ಅಟ್ಟುವುದನ್ನು ನಾನೇ ನೋಡಿದ್ದೇನೆ. ಯಾವ ಕೆರೆ ಅಂತ ಹೇಳುವುದು ಬೇಡ, ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಕತೆ.

ನನ್ನ ವಾದ ಇಷ್ಟೇ. ಊರಿನ ಸಂಸಾರಗಳು ಮನೆ ಮಟ್ಟಿಗೆ ಗಾಳ ಹಾಕಿ ಮೀನು ಹಿಡಿಯುವುದಕ್ಕೆ ಪ್ರತಿ ಕೆರೆಯಲ್ಲೂ ಒಂದಿಷ್ಟು ದಂಡೆ ಬಿಡಬೇಕು. ಸುಮ್ಮನೆ ಬಿಟ್ಟರೆ ಸಾಲದು, ಕಟ್ಟುಪಾಡು ಹಾಕಿ ಬಿಡಬೇಕು. ಇದು ಮೋಜಿನ ಮಾತಲ್ಲ. ಕೆರೆಯನ್ನು ದಿನಾ ನೋಡುವ ಕಣ್ಣು ಊರಲ್ಲಿ ಉಳಿಯಬೇಕಾದರೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುತ್ತಿಲ್ಲ.

ಮೀನು ತಿಂದವರೇ ಹೂಳು ಹೊತ್ತಿದ್ದು

ನಾವು ಚಿಕ್ಕವರಿದ್ದಾಗ ಗಾಳ ಅಂದರೆ ಒಂದು ಬಿದಿರು ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಸಂತೆಯಲ್ಲಿ ಕೊಂಡ ಮುಳ್ಳು. ತಿಪ್ಪೆ ಪಕ್ಕ ಕೆದಕಿದರೆ ಎರೆಹುಳು ಧರ್ಮಕ್ಕೆ. ಪಕ್ಕೆ, ಸಣ್ಣ ಗೆಂಡೆ ಮಕ್ಕಳ ಪಾಲು. ಕುಚ್ಚಿಗೆ (ಕೆಲವು ಕಡೆ ಕೊರವ ಅಂತಾರೆ) ಮರಿಗಪ್ಪೆ ಸಿಕ್ಕಿಸಿ ರಾತ್ರಿ ಬಿಟ್ಟು ಬರೋದು ದೊಡ್ಡವರ ಕೆಲಸ. ಮುಂಗಾರಿನ ಮೊದಲ ನೀರು ಕೆರೆಗೆ ಇಳಿಯುವಾಗ ಮೀನು ಎದುರು ನೀರಿಗೆ ಹತ್ತುತ್ತದಲ್ಲ, ಆಗ ಕಾಲುವೆ ಬಾಯಿಗೆ ಕೂಳಿ ಒಡ್ಡುತ್ತಿದ್ದರು. ಬೇಸಿಗೆಯಲ್ಲಿ ನೀರು ಮಂಡಿಗೆ ಇಳಿಯಿತೋ, ಮನೆಗೆ ಮನೆಯೇ ಹೊರಡೋದು. ಹೆಂಗಸರು ಇಬ್ಬರಿಬ್ಬರು ಸೇರಿ ಹಳೇ ಸೀರೆ ಹಿಡಿದು ಸಣ್ಣ ಮೀನು ಗೋರುವರು. ಹುಡುಗರು ಕೆಸರಿಗೆ ಕೈ ಹಾಕುವರು. ಚೇಳು ಮೀನಿನಿಂದ ಚುಚ್ಚಿಸಿಕೊಂಡು ಅಳುತ್ತಾ ಮನೆಗೆ ಓಡಿದವರು ಪ್ರತಿ ವರ್ಷ ಒಬ್ಬಿಬ್ಬರಾದರೂ ಇರುತ್ತಿದ್ದರು. ಸಂಜೆ ಹುಣಸೆಹುಳಿ ಹಾಕಿದ ಸಾರು, ರಾಗಿ ಮುದ್ದೆ. ಮಾರನೇ ದಿನದ ತಂಗಳು ಸಾರು ಇನ್ನೂ ರುಚಿ, ಉಂಡವರಿಗೆ ಗೊತ್ತು.

ಮಲೆನಾಡಿನ ಸೊರಬ, ಸಾಗರದ ಕಡೆ ಇದನ್ನು ಊರಹಬ್ಬದ ಹಾಗೆ ಮಾಡುತ್ತಾರೆ. ಕೆರೆಬೇಟೆ ಅಂತ ಹೆಸರು. ಬುಟ್ಟಿಯಂಥ ಕೂಣಿ ಹಿಡಿದು ಜನ ಒಟ್ಟಿಗೆ ಕೆರೆಗಿಳಿಯುತ್ತಾರೆ. 2024ರಲ್ಲಿ ಅದೇ ಹೆಸರಿನ ಕನ್ನಡ ಸಿನಿಮಾ ಕೂಡ ಬಂತು. ನಮ್ಮ ಬಯಲು ಸೀಮೆಯ ಊರಲ್ಲಿ ಅದಕ್ಕೆ ಅಂಥ ಹೆಸರೂ ಇರಲಿಲ್ಲ, ಡಂಗುರವೂ ಇರಲಿಲ್ಲ. ಬಹುಶಃ ಅದಕ್ಕೇ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಒಂದು ವಿಷಯ ಗಮನಿಸಿ. ಬೇಸಿಗೆಯಲ್ಲಿ ಮೀನು ಗೋರಿದ ಅದೇ ಜನ, ಮುಂದಿನ ವಾರ ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆಸರಲ್ಲಿ ಓಡಾಡಿ ಎಲ್ಲಿ ಹೂಳು ಎಷ್ಟಿದೆ ಅಂತ ಕಾಲಿಗೇ ಗೊತ್ತಾಗಿರುತ್ತಿತ್ತು. ಏರಿಯಲ್ಲಿ ಏಡಿ ತೂತು ಕೊರೆದಿದ್ದನ್ನು ಮೊದಲು ಕಂಡು ನೀರುಗಂಟಿಗೆ ಹೇಳುತ್ತಿದ್ದವರೂ ಗಾಳ ಹಾಕಿ ಕೂತವರೇ. ಬೇರೆ ಕೆಲಸ ಇಲ್ಲದೆ ಮೂರು ಗಂಟೆ ನೀರನ್ನೇ ನೋಡುವವನಿಗೆ ಏನೆಲ್ಲ ಕಾಣುತ್ತದೆ ಅಂತ ಯೋಚಿಸಿ.

ಕಟ್ಟುಪಾಡು ಇರಲಿಲ್ಲ ಅಂದುಕೊಳ್ಳಬೇಡಿ. ಕುಚ್ಚು ಮೀನು ಮರಿ ಮಾಡಿದಾಗ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಮೊರದಗಲ ಆಡುತ್ತಿರುತ್ತದೆ. ತಾಯಿ ತಂದೆ ಎರಡೂ ಕೆಳಗೆ ಕಾವಲಿರುತ್ತವೆ. ಆ ಹೊತ್ತಿನಲ್ಲಿ ಅವು ಏನು ಕಂಡರೂ ಮೇಲೆ ಬೀಳುತ್ತವೆ, ಹಿಡಿಯೋದು ಬಲು ಸುಲಭ. ಆದರೆ ನಮ್ಮ ಅಜ್ಜ ಅಲ್ಲಿ ಗಾಳ ಬಿಡಗೊಡುತ್ತಿರಲಿಲ್ಲ. 'ಬಾಣಂತಿ ಮನೆಗೆ ಕನ್ನ ಹಾಕಬ್ಯಾಡ್ರೋ' ಅನ್ನೋರು.

ಈಗ ನೀರಲ್ಲಿ ಏನಿದೆ?

ಕೆರೆಯ ಮೀನಿನ ಹಕ್ಕಿಗೆ ಸರ್ಕಾರಿ ಭಾಷೆಯಲ್ಲಿ ಮೀನು ಪಾಶುವಾರು ಹಕ್ಕು ಅನ್ನುತ್ತಾರೆ. ಅದನ್ನು ಗುತ್ತಿಗೆಗೆ ಕೊಡುತ್ತಾರೆ, ಇಲ್ಲವೇ ಹರಾಜು ಹಾಕುತ್ತಾರೆ. ಅಚ್ಚುಕಟ್ಟು 40 ಹೆಕ್ಟೇರಿನೊಳಗಿನ ಸಣ್ಣ ಕೆರೆ ಪಂಚಾಯ್ತಿ ಕೈಲಿ, ದೊಡ್ಡವು ಮೀನುಗಾರಿಕೆ ಇಲಾಖೆಯ ಕೈಲಿ. ಮೀನುಗಾರರ ಸಹಕಾರ ಸಂಘಕ್ಕೆ ಹೋದರೆ ಸಂತೋಷ. ದುಡ್ಡಿದ್ದ ಗುತ್ತಿಗೆದಾರನಿಗೆ ಹೋದರೆ ಅವನ ಲೆಕ್ಕವೇ ಬೇರೆ. ಮರಿ ಬಿಟ್ಟೆ, ತೂಕ ಬಂತು, ಬಲೆ ಎಳೆದೆ, ಲಾರಿ ತುಂಬಿದೆ. ಕಾಟ್ಲ ಮೇಲ್ನೀರಲ್ಲಿ, ರೋಹು ನಡುನೀರಲ್ಲಿ, ಮೃಗಾಲ ತಳದಲ್ಲಿ ಮೇಯುವುದರಿಂದ ಮೂರನ್ನೂ ಒಟ್ಟಿಗೆ ಬಿಡುವುದು ಒಳ್ಳೆಯ ವಿದ್ಯೆಯೇ. ಇವು ನಿಂತ ನೀರಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವ ದಾರಿ ಕಂಡುಹಿಡಿದ ಮೇಲೆ ಮರಿಗೆ ಬರ ನೀಗಿತು. ಆ ದಿನವನ್ನೇ ಈಗ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ.

ತೊಂದರೆ ಇರೋದು ಬೇರೆ ಕಡೆ. ಬಿಟ್ಟ ಮೀನಿಗೆ ಒಡೆಯನಿದ್ದಾನೆ. ತಾನಾಗಿ ಹುಟ್ಟುವ ಊರ ಮೀನಿಗೆ ಯಾರೂ ಇಲ್ಲ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ನಮ್ಮವರ ಬಾಯಲ್ಲಿ ಜಿಲೇಬಿ, ಕೊಳಕು ನೀರಲ್ಲೂ ವರ್ಷಕ್ಕೆ ಹಲವು ಸಲ ಮರಿ ಹಾಕಿ ಕೆರೆ ತುಂಬಿಕೊಂಡಿದೆ. ಅದರ ಮೇಲೆ ಆಫ್ರಿಕದ ಕ್ಯಾಟ್‌ಫಿಶ್. ಸಾಕುವುದು ಕಾನೂನು ಪ್ರಕಾರ ನಿಷೇಧ. ಆದರೂ ಕದ್ದು ಸಾಕುತ್ತಾರೆ. ಮಳೆಗಾಲದಲ್ಲಿ ಹೊಂಡ ಒಡೆದು ಕೆರೆ ಸೇರಿತು ಅಂದರೆ ಸಿಕ್ಕಿದ್ದೆಲ್ಲ ಅದರ ಹೊಟ್ಟೆಗೆ. ಇದನ್ನು ಯಾರು ಮೊದಲು ಕಾಣುತ್ತಾರೆ? ಕಚೇರಿಯಲ್ಲಿ ಕೂತವರಲ್ಲ, ಗಾಳ ಎತ್ತಿ ನೋಡಿದವನು.

ಇನ್ನು ಕೆರೆ ಅಭಿವೃದ್ಧಿ. ಸುತ್ತ ಏರಿ ಕಟ್ಟಿ, ಒಳಗೆ ಸಮನಾಗಿ ಬಗೆದು ಕೆರೆಯನ್ನು ಸಾರಿನ ಬಟ್ಟಲು ಮಾಡಿಬಿಡುತ್ತಾರೆ. ನೋಡಲು ಚೆಂದ. ಆದರೆ ಕುಚ್ಚು ಮರಿ ಮಾಡಲು ಮೊಣಕಾಲುದ್ದ ನೀರು, ಜೊಂಡು, ಹುಲ್ಲು ಬೇಕು. ಕೆರೆಯಂಗಳದ ಆ ಇಳಿಜಾರೇ ಹೋದಮೇಲೆ ಅದು ಎಲ್ಲಿ ಗೂಡು ಕಟ್ಟಬೇಕು? ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರು ಜೊಂಡು ಬೆಳೆದ ತಗ್ಗಿನ ಮೂಲಕ ಹಾದು ಕೆರೆ ಸೇರುವ ಏರ್ಪಾಡಿದೆ. ಮೀನಿಗೂ ಹಕ್ಕಿಗೂ ಅದರಿಂದ ಒಳ್ಳೆಯದೇ ಆಗಿದೆ. ಎಲ್ಲ ಕಡೆ ಅಷ್ಟು ದೊಡ್ಡ ಕೆಲಸ ಆಗದಿದ್ದರೂ ಒಂದು ಮೂಲೆಯ ಜೊಂಡನ್ನು ಕೀಳದೆ ಬಿಟ್ಟರೆ ಖರ್ಚೇನೂ ಇಲ್ಲವಲ್ಲ.

ಆಸ್ಟ್ರೇಲಿಯಾದಲ್ಲಿ ಅಳತೆಕೋಲು

ಗಾಳ ಬಿಟ್ಟರೆ ಮೀನೇ ಉಳಿಯೋದಿಲ್ಲ ಅನ್ನುವವರಿದ್ದಾರೆ. ಅವರಿಗೆ ಒಂದು ದೇಶದ ಉದಾಹರಣೆ. ನಮ್ಮ ನೆಂಟರ ಪೈಕಿ ಒಂದು ಸಂಸಾರ ಸಿಡ್ನಿಯಲ್ಲಿದೆ. ರಜ ಬಂತೆಂದರೆ ಗಂಡ, ಹೆಂಡತಿ, ಮಕ್ಕಳು ಬುತ್ತಿ ಕಟ್ಟಿಕೊಂಡು ಗಾಳ ಹಾಕಲು ಹೊರಡುತ್ತಾರಂತೆ. ಇಲ್ಲಿ ಕೆರೆಯ ಮುಖ ನೋಡದ ಹುಡುಗ ಅಲ್ಲಿ ಹೋಗಿ ಮೀನು ಹಿಡಿದು ಫೋಟೋ ಕಳಿಸುತ್ತಾನೆ! ಅವನಿಂದ ವಿಚಾರಿಸಿ, ಆಮೇಲೆ ಓದಿ ತಿಳಿದದ್ದು ಇದು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗಾಳ ಹಾಕುವ ದೊಡ್ಡವರು ಶುಲ್ಕ ಕಟ್ಟಬೇಕು. ಹದಿನೆಂಟು ತುಂಬದ ಮಕ್ಕಳಿಗೆ ಶುಲ್ಕವಿಲ್ಲ. 2001ರಿಂದ ಉಪ್ಪುನೀರು, ಸಿಹಿನೀರು ಎರಡಕ್ಕೂ ಈ ಪದ್ಧತಿ ಬಂತು. ಆ ದುಡ್ಡು ಬೇರೆ ನಿಧಿಗೆ ಹೋಗಿ ಮೀನಿನ ಕೆಲಸಕ್ಕೇ ಖರ್ಚಾಗಬೇಕು. ಮರಿ ಬಿಡಲು, ಸಂಶೋಧನೆಗೆ, ದಂಡೆಯ ಸೌಕರ್ಯಕ್ಕೆ. ಅಲ್ಲಿನ ಹೊಳೆಗಳ ರಾಜ ಮರ್ರೆ ಕಾಡ್ ಅನ್ನುವ ಮೀನು. ಅದು 55ರಿಂದ 75 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ಮನೆಗೆ ಒಯ್ಯಬಹುದು, ಅದೂ ದಿನಕ್ಕೆ ಎರಡೇ. ಸೆಪ್ಟೆಂಬರಿನಿಂದ ನವೆಂಬರ್ ತನಕ ಮೊಟ್ಟೆ ಕಾಲ; ಆಗ ಮುಟ್ಟುವ ಹಾಗಿಲ್ಲ. ಸಣ್ಣದನ್ನು ಬಿಡಬೇಕು ಅನ್ನೋದು ನಮಗೂ ಹೊಳೆಯುತ್ತದೆ. ದೊಡ್ಡದನ್ನೂ ಬಿಡಬೇಕು ಅನ್ನೋದು ನೋಡಿ ವಿಶೇಷ. ದೊಡ್ಡ ಹೆಣ್ಣು ಮೀನು ಬಹಳ ಮೊಟ್ಟೆ ಇಡುತ್ತದೆ, ಬಿತ್ತನೆ ಬೀಜದ ಹಾಗೆ. ನಾವು ಬಿತ್ತನೆಗೆ ದಪ್ಪ ತೆನೆ ತೆಗೆದಿಡುವುದಿಲ್ಲವೇ?

ಇನ್ನೊಂದು ತಮಾಷೆ. ನಾವು ದುಡ್ಡು ಕೊಟ್ಟು ತಂದು ಬಿಡುವ ಸಾಮಾನ್ಯ ಗೆಂಡೆ ಅಲ್ಲಿ ಕಳೆ ಮೀನು. ತಳ ಕೆದಕಿ ನೀರನ್ನು ರಾಡಿ ಮಾಡುತ್ತದೆ ಅಂತ ಸಿಟ್ಟು. ಕೆಲವು ರಾಜ್ಯಗಳಲ್ಲಿ ಹಿಡಿದ ಗೆಂಡೆಯನ್ನು ಜೀವಂತ ನೀರಿಗೆ ಬಿಟ್ಟರೆ ಅಪರಾಧ. ಅಲ್ಲಿ ಹಬ್ಬಿದ ಕಳೆಯನ್ನು ಕೀಳುವ ಕೆಲಸಕ್ಕೂ ಗಾಳದವರು ಬೇಕಾಗಿದ್ದಾರೆ. ನಮ್ಮ ಜಿಲೇಬಿಗೆ, ಕ್ಯಾಟ್‌ಫಿಶ್‌ಗೆ ಹುಡುಗರ ಗಾಳ ಬಿದ್ದರೆ ಯಾರಿಗೆ ನಷ್ಟ ಹೇಳಿ.

ಅಳತೆ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಐವತ್ತನಾಲ್ಕು ಕಿಲೋ! ಒಂದು ಮೂಟೆ ರಾಗಿಗೆ ಹತ್ತಿರ. ಇಂದಿಗೂ ಗಾಳದವರು ಆ ಮೀನಿನ ಮಾತಾಡುತ್ತಾರೆ. ಕಾವೇರಿ ಸೀಮೆಯ ಗೂನು ಬೆನ್ನಿನ ಆ ಮಹಶೀರಿಗೆ ಶಾಸ್ತ್ರೀಯ ಹೆಸರು ಖಚಿತವಾಗುವಷ್ಟರಲ್ಲಿ 2018 ಬಂತು. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಅಣೆಕಟ್ಟು, ಸಿಡಿಮದ್ದು, ಮರಳು, ಹೊರಗಿನ ಮಹಶೀರ್ ತಳಿ ತಂದು ಬಿಟ್ಟದ್ದು ಎಲ್ಲ ಸೇರಿ ಅದನ್ನು ಮುಗಿಸುತ್ತಾ ಬಂದವು. ಹಿಡಿದು ಅಳೆದು ಬಿಡುತ್ತಿದ್ದ ಗಾಳದವರು ಬರೆದಿಟ್ಟ ಲೆಕ್ಕದಿಂದಲೇ ಆ ಮೀನು ಕಡಿಮೆಯಾದದ್ದು ವಿಜ್ಞಾನಿಗಳಿಗೆ ಗೊತ್ತಾಗಿದ್ದು ಅನ್ನುವುದನ್ನು ಮರೆಯಬಾರದು.

ಕೊಳಚೆ ನೀರಿನ ಮೀನು ತಿನ್ನಬಹುದೇ?

ನ್ಯಾಯವಾದ ಪ್ರಶ್ನೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರನ್ನು ಎ ಯಿಂದ ಇ ತನಕ ದರ್ಜೆ ಮಾಡುತ್ತಾರೆ. ಮೀನು ಬದುಕಲು ಡಿ ದರ್ಜೆಯಾದರೂ ಇರಬೇಕು. ಅಂದರೆ ಒಂದು ಲೀಟರ್ ನೀರಲ್ಲಿ ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಅಮೋನಿಯಾ 1.2 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ಹಸಿರುಗಟ್ಟುತ್ತದೆ. ಹಗಲು ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿ ಇದ್ದದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಮೋಡ ಕವಿದು ಬೇಸಿಗೆಯ ಮೊದಲ ಮಳೆ ಬಂದು ಚರಂಡಿಯ ಹೂಳೆಲ್ಲ ಕೊಚ್ಚಿ ಕೆರೆಗೆ ಇಳಿದರಂತೂ ಮುಗಿಯಿತು, ಬೆಳಗಾಗುವುದರಲ್ಲಿ ಮೀನು ತೇಲುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ಆದರೆ ಮೀನು ಒಂದೇ ಸಲ ಸಾಯುವುದಿಲ್ಲ ಸ್ವಾಮಿ. ಅದಕ್ಕೂ ಮೊದಲು ಹಲವು ದಿನ ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತದೆ. ಗಾಳದವನಿಗೆ ಅದು ಕಾಣುತ್ತದೆ. ಕಿವಿಯ ಕೆಂಪು ಮಾಸಿದ್ದು, ಮೈಮೇಲೆ ಹುಣ್ಣೆದ್ದದ್ದು, ಸಾರಿಗೆ ಹಾಕಿದರೆ ಸೀಮೆಎಣ್ಣೆ ವಾಸನೆ ಬಂದದ್ದು ಎಲ್ಲ ಅವನ ಮನೆಯವರಿಗೆ ಗೊತ್ತಾಗುತ್ತದೆ. ಇವತ್ತು ಅದೇ ಕೆರೆಯ ಮೀನನ್ನು ಗುತ್ತಿಗೆದಾರ ಹಿಡಿದು ಮಾರುತ್ತಾನೆ; ತಿನ್ನುವವನಿಗೆ ಯಾವ ಕೆರೆಯದು ಅಂತಲೇ ಗೊತ್ತಿರುವುದಿಲ್ಲ. ನೀರು ಕೆಟ್ಟಿದ್ದರೆ ಗಾಳವನ್ನೂ ನಿಲ್ಲಿಸಿ, ಬಲೆಯನ್ನೂ ನಿಲ್ಲಿಸಿ. ಯಾವ ತಿಂಗಳು ಎಷ್ಟು ಆಮ್ಲಜನಕ, ಮೀನಿನಲ್ಲಿ ಸೀಸ ಎಷ್ಟು ಅಂತ ಗೇಟಿನ ಬಳಿ ಬರೆದು ಹಾಕಿ. ಹೆಬ್ಬಾಳದಲ್ಲೇ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾನಿಲಯದ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ, ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಿಹಿನೀರು ಮೀನು ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಪರೀಕ್ಷೆ ಮಾಡಬಲ್ಲವರು ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿದ್ದಾರೆ.

ನಡೆಯಲು ಬರುವವರದು ಇನ್ನೊಂದು ತಕರಾರು: ವಾಸನೆ, ಗಲೀಜು. ಹಕ್ಕಿ ನೋಡುವವರದು ಮತ್ತೊಂದು: ಬಿಸಾಕಿದ ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದು ನಿಜ, ಅದಕ್ಕೆ ದಂಡ ಹಾಕಲಿ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿಗಳ ಸಂರಕ್ಷಿತ ಪ್ರದೇಶವಾಗಿದೆ, ಅಲ್ಲಿ ಗಾಳದ ಮಾತೇ ಬೇಡ. ಆದರೆ ಹೆಬ್ಬಾಳ ಕೆರೆಯನ್ನು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಾಗ, ಕೆರೆ ಎಲ್ಲರ ಸ್ವತ್ತು ಅಂತ ಹೈಕೋರ್ಟಿಗೆ ಹೋದರಲ್ಲ, ಆ 'ಎಲ್ಲರ'ಲ್ಲಿ ಬಿದಿರು ಕಡ್ಡಿಯ ಹುಡುಗನೂ ಸೇರಬೇಕು ಅಲ್ಲವೇ?

ಬೆಸ್ತರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶ ಅಲ್ಲ. ಹರಿಗೋಲು, ಬಲೆ ಅವರದೇ ಇರಲಿ. ಒಬ್ಬನಿಗೆ ಒಂದು ಗಾಳ, ಮನೆಗೆ ದಿನಕ್ಕೆ ಎರಡು ಮೀನು, ಮಾರುವಂತಿಲ್ಲ. ಗೇಣಿಗಿಂತ ಸಣ್ಣ ಕಾಟ್ಲ, ರೋಹು ವಾಪಸು ನೀರಿಗೆ. ಕುಚ್ಚು ಮರಿ ಕಾಯುವ ತಿಂಗಳು ಪೂರ್ತಿ ರಜ. ಜಿಲೇಬಿ, ಕ್ಯಾಟ್‌ಫಿಶ್ ಎಷ್ಟಾದರೂ ಒಯ್ಯಿರಿ. ಪಾಶುವಾರು ಕರಾರಿನಲ್ಲಿ ಇದನ್ನೊಂದು ಷರತ್ತಾಗಿ ಸೇರಿಸಿದರೆ ಗುತ್ತಿಗೆದಾರನಿಗೂ ಮೊದಲೇ ಗೊತ್ತಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸಬರು ಹೊಸ ಫಲಕ ಬರೆಸುತ್ತಾರಲ್ಲ, ಆಗಲೇ ಒಂದು ಸಾಲು ಬದಲಾಯಿಸಬಹುದು.

ಕೃಷಿ ಹೊಂಡ ಇದ್ದವರಿಗೆ

ಕೆರೆಯ ಬಾಗಿಲು ತೆರೆಯುವ ತನಕ ಕಾಯಬೇಕಾಗಿಲ್ಲ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಕಡೆ ಹೊಂಡ ತೋಡಿಸಿದವರು ಬಹಳ. 21 ಮೀಟರ್ ಚದರದ ಹೊಂಡಕ್ಕೆ ಇನ್ನೂರು ಮರಿ ಧಾರಾಳ ಆಯಿತು, ಎಂಟು ತಿಂಗಳು ನೀರು ನಿಲ್ಲುವಂತಿದ್ದರೆ ಮಾತ್ರ. ಬೆರಳುದ್ದದ ಮರಿಯನ್ನೇ ತನ್ನಿ, ಚಿಕ್ಕದು ಅಗ್ಗ ಅಂತ ತಂದರೆ ಕಪ್ಪೆ, ನೀರುಹಾವಿನ ಪಾಲು. ಟಾರ್ಪಾಲು ಹಾಸಿಲ್ಲದ ಮಣ್ಣಿನ ಹೊಂಡಕ್ಕೆ ಸಾಮಾನ್ಯ ಗೆಂಡೆ ಹೆಚ್ಚು ಬಿಡಬೇಡಿ, ಏರಿ ಕೆದಕುತ್ತದೆ. ಔಷಧಿ ಹೊಡೆದ ತೋಟದ ನೀರು ಹೊಂಡಕ್ಕೆ ಹರಿಯದಂತೆ ಒಂದು ಬದು ಹಾಕಿ.

ಮತ್ತೆ ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಅಂತ ಸಂಪಾದಕರನ್ನು ಕೇಳಿಕೊಳ್ಳುತ್ತೇನೆ: ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ಮಗು ತಾನಾಗಿ ಹತ್ತಿ ಬರಲಾರದು. ಪಾಚಿಗಟ್ಟಿದ ಹಾಸಿನ ಮೇಲೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ. ಹೊಂಡದಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿ ಪ್ರತಿ ಬೇಸಿಗೆ ರಜದಲ್ಲೂ ಪೇಪರಿನಲ್ಲಿ ಬರುತ್ತದೆ. ಸುತ್ತ ಬೇಲಿ, ನಾಲ್ಕೂ ಮೂಲೆಯಿಂದ ಗಂಟು ಹಾಕಿದ ಹಗ್ಗ, ಒಂದು ಹಳೇ ಟೈರು ನೀರಿನ ಮೇಲೆ ಇರಲೇಬೇಕು. ಗಾಳ ಹಾಕುವಾಗ ದೊಡ್ಡವರೊಬ್ಬರು ಜೊತೆಗಿರಲಿ.

ಹೆಬ್ಬಾಳ, ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಈಗ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯಲ್ಲಿ 65 ಕೆರೆ ಸೇರಿವೆ. ಎರಡನೇ ಹಂತದ ಶುದ್ಧೀಕರಣ ಮಾತ್ರ ಆದ ನೀರು ಸಾಲದು, ಮೂರನೇ ಹಂತವೂ ಆಗಲಿ ಅಂತ ಅಲ್ಲಿನ ರೈತರು ಕೇಳುತ್ತಾ ಬಂದಿದ್ದಾರೆ. ಆ ಕೆರೆಗಳಲ್ಲೂ ಮೀನು ಬಿಟ್ಟಿರುತ್ತಾರೆ, ಹಿಡಿಯುವವರೂ ಇರುತ್ತಾರೆ. ಆ ನೀರು ಬಂದ ಮೇಲೆ ಊರ ಮೀನಿನಲ್ಲಿ ಏನು ಬದಲಾವಣೆ ಕಂಡಿರಿ? ಪಕ್ಕೆ, ಕುಚ್ಚು ಉಳಿದಿವೆಯೇ? ಮೀನಿನ ರುಚಿ, ವಾಸನೆ ಹೇಗಿದೆ? ನಿಮ್ಮ ಪಂಚಾಯ್ತಿ ಕೆರೆಯಲ್ಲಿ ಗಾಳಕ್ಕೆ ಬಿಡುತ್ತಾರೋ, ಅಟ್ಟುತ್ತಾರೋ? ನಾಲ್ಕು ಸಾಲಾದರೂ ಸರಿ, ಪತ್ರಿಕೆಗೆ ಬರೆಯಿರಿ. ನಮ್ಮ ಪಂಚಾಯ್ತಿಯಲ್ಲಿ ಮುಂದಿನ ಹರಾಜಿಗೆ ಮೊದಲು ಗ್ರಾಮಸಭೆ ಕರೆಯುತ್ತಾರೆ. ಅಲ್ಲಿ ಓದಲು ಅವು ಬೇಕಾಗಿವೆ.